ಟಕಟಕ ಪುರಾಣ

ಮೈತುಂಬ ಕೋಳಿ ಕೂರಿಸಿಕೊಂಡು ವರ್ಷಗಟ್ಟಲೆ ಕೊಟ್ಟಿಗೆಯಲ್ಲಿ ನಿಂತಿದ್ದ ಬೈಕನ್ನು ಅಗ್ಗಕ್ಕೆ ತಂದಂದಿನಿಂದ ನನ್ನ ಕಿವಿಗೆ ಬಿಡುವಿಲ್ಲ. ಜಮಖಂಡಿಯಲ್ಲಿ ಟಕಟಕ ಎನ್ನುವ ಎಂಜಿನ್ನು ಬನಹಟ್ಟಿಯಲ್ಲಿ ಗಪ್‌ಚಿಪ್. ರೋಗ ವಾಸಿಯಾಗಿದ್ದಲ್ಲ, ಪವರ್‌ಲೂಮುಗಳ ಖಟಪಟದಲ್ಲಿ ಮುಳುಗಿದ್ದು. ಮುಧೋಳ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಾಡು ಅದರ ಮಾನ ಕಾಯುತ್ತದೆ. ಬೀಳಗಿ ದಾರಿಯಲ್ಲಿ ಮಾತ್ರ ಮುಚ್ಚುಮರೆಯಿಲ್ಲ.

ಪರಿಣತರಿಗೆ ನಮ್ಮಲ್ಲಿ ಬರವೇ? ಚಹಾದಂಗಡಿಯವನು 'ಚೈನು' ಎಂದ, ಬೀಗರು 'ಪಿಸ್ಟನ್ನು' ಎಂದರು. ಪಕ್ಕದ್ಮನೆ ಅಜ್ಜ 'ದೃಷ್ಟಿ' ಎಂದು ನಿಂಬೆಹಣ್ಣು ಕಟ್ಟಿಸಿದ. ಅದು ಮಡ್‌ಗಾರ್ಡಿಗೆ ಬಡಿದು ಇನ್ನೊಂದು ಸದ್ದು ಶುರುವಾಯಿತು.

ಕೊನೆಗೆ ಮೆಕ್ಯಾನಿಕ್ಕು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿನ ತಲೆಗಿಟ್ಟು, ಹಿಡಿಕೆಗೆ ಕಿವಿ ಹಚ್ಚಿ, ಡಾಕ್ಟರರಂತೆ ಕಣ್ಣು ಮುಚ್ಚಿದ. 'ರೇಸ್ ಕೊಡ್ರಿ ಸರ.' ರೇಸ್ ಏರಿದಂತೆ ಟಕಟಕವೂ ಏರಿತು.

'ಟ್ಯಾಪೆಟ್ ಸಡ್ಲ ಆಗ್ಯಾವ್ರಿ. ಆಯಿಲ್ ಯಾವಾಗ ಹಾಕ್ಸೀರಿ?'

ಡಿಪ್‌ಸ್ಟಿಕ್ ಎಳೆದರೆ ತುದಿಗೆ ಕರ್ರನೆಯ ಒಂದೇ ಹನಿ! ಎಂಜಿನ್ನು ಆರುವತನಕ ನನ್ನ ಖರ್ಚಲ್ಲಿ ಚಹಾ ಕುಡಿದು, ಫೀಲರ್ ಗೇಜ್ ತೂರಿಸಿ ವಾಲ್ವಿನ ಸಂದು ಸರಿಮಾಡಿ, ಹೊಸ ಆಯಿಲ್ ಸುರಿದ.

ಈಗ ಗಾಡಿ ಶಾಂತ. ಹಿಂದಿನ ಸೀಟಿನಿಂದ ಮನೆಯವಳ ಮಾತು ಸ್ಪಷ್ಟವಾಗಿ ಕೇಳುತ್ತದೆ: 'ಇದನ್ಯಾಕ ತಂದ್ರಿ?'