ನಾಪತ್ತೆಯಾದ ಬಟ್ಟೆ ಡೀಲರ್ ಮಹಾಶಯರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ತಮ್ಮ ವಿಳಾಸ ಸಿಗದ ಕಾರಣ ಬಹಿರಂಗವಾಗಿಯೇ ಬರೆಯಬೇಕಾಗಿದೆ. ಬಿಲ್ಲಿನ ಮೇಲಿದ್ದ ವಿಳಾಸಕ್ಕೆ ಖುದ್ದಾಗಿ ಹೋಗಿದ್ದೆ. ಅಲ್ಲಿ ಬ್ಯೂಟಿ ಪಾರ್ಲರ್ ಇದೆ. "ನಿಮ್ಮ ಥರಾನೇ ಕೇಳ್ಕೊಂಡು ಸುಮಾರು ಜನ ಬರ್ತಾರೆ ಸಾರ್" ಎಂದು ಆ ಹೆಣ್ಣುಮಗಳು ಕುಡಿಯಲು ನೀರು ಕೊಟ್ಟಳು.

ನನಗೆ ಬಂದಿರುವ ನೋಟಿಸಿನ ಸಾರಾಂಶ ಇಷ್ಟು. ತಮ್ಮಿಂದ ಬಟ್ಟೆ ಕೊಂಡು, ಷರ್ಟು ಹೊಲಿಸಿ, ರಫ್ತು ಮಾಡಿ, ತಮಗೆ ತೆತ್ತ ಜಿಎಸ್‌ಟಿಯನ್ನು ರಿಫಂಡ್ ಕೇಳಿದ್ದು ನನ್ನ ಅಪರಾಧ. ತಾವು ಮಾರಾಟದ ವಿವರದ ಜಿಎಸ್‌ಟಿಆರ್-1 ಸಲ್ಲಿಸಿದಿರಿ. ನನಗೆ ಸಿಗಬೇಕಾದ ತೆರಿಗೆ ಕ್ರೆಡಿಟ್ಟಿನ ಪಟ್ಟಿಯಾದ ಜಿಎಸ್‌ಟಿಆರ್-2ಬಿಯಲ್ಲಿ ಬಿಲ್ಲು ಲಕ್ಷಣವಾಗಿ ಮೂಡಿತು. ಆದರೆ ತೆರಿಗೆಯನ್ನು ದುಡ್ಡಿನಲ್ಲಿ ಕಟ್ಟದೆ, ಇಲ್ಲದ ಸರಕಿನ ಬೋಗಸ್ ಬಿಲ್ಲುಗಳ ಕ್ರೆಡಿಟ್ಟಿನಲ್ಲೇ ಚುಕ್ತಾ ಮಾಡಿದಿರಂತೆ. ಆ ಬಿಲ್ಲು ಕೊಟ್ಟವನೂ ಹಾಗೆಯೇ. ಅವನಿಗೆ ಕೊಟ್ಟವನು ಹುಟ್ಟಿಯೇ ಇಲ್ಲ. ಮಾರಿದವನ ತೆರಿಗೆ ಖಜಾನೆಗೆ ಸೇರದಿದ್ದರೆ ಕೊಂಡವನಿಗೆ ಕ್ರೆಡಿಟ್ ಇಲ್ಲ ಎನ್ನುತ್ತದೆ ಜಿಎಸ್‌ಟಿ ಕಾಯಿದೆಯ ಸೆಕ್ಷನ್ 16(2)(ಸಿ). ಕ್ರೆಡಿಟ್ಟೇ ಇಲ್ಲದ ಮೇಲೆ ರಿಫಂಡ್ ಎಲ್ಲಿಂದ?

"ವ್ಯವಹಾರಕ್ಕೆ ಮುಂಚೆ ವಿಚಾರಿಸಬೇಕಿತ್ತು" ಎಂದರು ತೆರಿಗೆ ಇಲಾಖೆಯ ಸಾಹೇಬರು. ವಿಚಾರಿಸಿದ್ದೆ, ಅವರದೇ ಪೋರ್ಟಲ್‌ನಲ್ಲಿ. ತಮ್ಮ ನಂಬರಿನ ಮುಂದೆ 'ಆಕ್ಟಿವ್' ಎಂದಿತ್ತು. ಈಗ ತಮ್ಮ ನೋಂದಣಿಯನ್ನು ಮೊದಲ ದಿನದಿಂದಲೇ ಅನ್ವಯವಾಗುವಂತೆ ರದ್ದು ಮಾಡಿದ್ದಾರೆ. ಅಂದರೆ ನಾನು ಪರೀಕ್ಷಿಸಿದ ದಿನವೂ ತಾವು ಇರಲಿಲ್ಲ. ನೋಂದಣಿ ಕೊಟ್ಟ ಇಲಾಖೆಗೆ ಕಾಣದ್ದು ನನಗೆ ಕಾಣಬೇಕಿತ್ತು.

ನಮ್ಮ ರಾಜ್ಯದ್ದೇ ಒಂದು ಕಾಫಿ ಪ್ರಕರಣವನ್ನೂ ತೋರಿಸಿದರು. ಹಳೆಯ ವ್ಯಾಟ್ ಕಾಯಿದೆಯ ಅಡಿಯಲ್ಲಿ ಬಂದ ಆ ವ್ಯಾಜ್ಯದಲ್ಲಿ, ಬಿಲ್ಲು ಮತ್ತು ಚೆಕ್ಕು ತೋರಿಸಿದರಷ್ಟೇ ಸಾಲದು, ಸರಕು ತಂದ ವಾಹನದ ವಿವರ, ಬಾಡಿಗೆ ಕೊಟ್ಟದ್ದಕ್ಕೆ ದಾಖಲೆ, ಮಾಲು ಇಳಿಸಿಕೊಂಡದ್ದಕ್ಕೆ ಸ್ವೀಕೃತಿ ಎಲ್ಲ ಬೇಕು ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇದರಲ್ಲಿ ನ್ಯಾಯವಿಲ್ಲ ಎನ್ನಲಾರೆ. ಬಟ್ಟೆಯ ಎಳೆಯನ್ನೂ ಮುಟ್ಟದೆ ಬಿಲ್ಲನ್ನಷ್ಟೇ ಕಮಿಷನ್ನಿಗೆ ಕೊಳ್ಳುವ ಮಹನೀಯರು ನಮ್ಮ ನಡುವೆಯೇ ಇದ್ದಾರೆ. ಅವರ ಫೈಲು ನನ್ನದಕ್ಕಿಂತ ಅಚ್ಚುಕಟ್ಟು. ಇ-ವೇ ಬಿಲ್ಲಿನಲ್ಲಿ ಲಾರಿ ನಂಬರೂ ಇರುತ್ತದೆ. ಹುಡುಕಿ ನೋಡಿದರೆ ಅದು ಸ್ಕೂಟರಿನದು.

ಬಡ್ಡಿಯ ವಿಷಯವನ್ನೂ ಕೇಳಿ. ತಪ್ಪಾಗಿ ಬಳಸಿದ ಕ್ರೆಡಿಟ್ಟಿಗೆ ನಾನು ಕೊಡಬೇಕಾದದ್ದು ವರ್ಷಕ್ಕೆ ಶೇ. 18. ರಿಫಂಡ್ 60 ದಿನ ದಾಟಿದರೆ ಅವರು ನನಗೆ ಕೊಡುವುದು ಶೇ. 6. ಇಷ್ಟು ಲಾಭದ ಧಂದೆ ತಮ್ಮ ತಲೆಗೂ ಹೊಳೆದಿರಲಿಕ್ಕಿಲ್ಲ.

ಕಡೆಯದಾಗಿ ಒಂದು ಕೋರಿಕೆ. ಮುಂದಿನ ವಿಚಾರಣೆಗೆ ಲಾರಿ ಬಾಡಿಗೆ ರಸೀದಿ ತರಬೇಕಂತೆ. ಮಾಲನ್ನು ಬಾಗಿಲಿಗೆ ತಲುಪಿಸಿದವರು ತಾವು, ಬಾಡಿಗೆ ಕೊಟ್ಟವರೂ ತಾವೇ, ದಯವಿಟ್ಟು ಕಳಿಸಿಕೊಡಿ. ಆಗದಿದ್ದರೆ ಡ್ರೈವರಿನ ಫೋನ್ ನಂಬರಾದರೂ ಸಾಕು. ಮಾಲು ಇಳಿಸುವಾಗ ಕಾಫಿ-ತಿಂಡಿಗೆಂದು ನನ್ನಿಂದ ನೂರು ರೂಪಾಯಿ ಇಸಕೊಂಡಿದ್ದ. ಅದಕ್ಕೂ ರಸೀದಿ ಇಲ್ಲ.

ಇತಿ,
ತಮ್ಮ ಬಿಲ್ಲಿನ ಮೇಲಿರುವ ಖರೀದಿದಾರ