ಬೆವರು, ನಿಟ್ಟುಸಿರು, ನೊಣ: ಟೀವಿ ವಾಗ್ಯುದ್ಧ ಮೀಮಾಂಸೆಗೊಂದು ಪೀಠಿಕೆ

ರಾಷ್ಟ್ರಾಧ್ಯಕ್ಷ ಪದವಿಯ ಇಬ್ಬರು ಅಭ್ಯರ್ಥಿಗಳು ಟೀವಿ ಕ್ಯಾಮೆರಾದ ಮುಂದೆ ತೊಂಬತ್ತು ನಿಮಿಷ ನಿಂತು ಮಾತಾಡಿದರೆ ಅದನ್ನು ಕೇಳುವವನು ಪಾಮರ, ನೋಡುವವನು ರಸಿಕ, ಶಬ್ದ ಬಂದ್ ಮಾಡಿ ನೋಡುವವನು ವಿದ್ವಾಂಸ. ಅಮೆರಿಕದಲ್ಲಿ ಅರವತ್ತು ವರ್ಷಕ್ಕೂ ಮಿಕ್ಕಿ ಬೆಳೆದುಬಂದಿರುವ ಈ ಶಾಸ್ತ್ರಕ್ಕೆ ಕನ್ನಡದಲ್ಲಿ ಒಂದು ಲಕ್ಷಣಗ್ರಂಥ ಇಲ್ಲದಿರುವುದು ನಮ್ಮ ಸಾಂಸ್ಕೃತಿಕ ಪರಿಪ್ರೇಕ್ಷ್ಯದ ಬಹುದೊಡ್ಡ ಕೊರತೆಯೆಂದು ಹಲವು ವಿಚಾರ ಸಂಕಿರಣಗಳ ಊಟದ ಸಾಲಿನಲ್ಲಿ ಅಭಿಪ್ರಾಯಪಡಲಾಗಿದೆ. ಆ ಕೊರತೆಯನ್ನು ತುಂಬುವ ವಿನಮ್ರ ಪ್ರಯತ್ನ ಇದು.

ಶಾಸ್ತ್ರದ ಮೂಲಸೂತ್ರ ಎರಡೇ ಪದ: ‘ಯಾರು ಗೆದ್ದರು?’ ಮಿಕ್ಕಿದ್ದೆಲ್ಲ ಭಾಷ್ಯ. ಭಾಷ್ಯಕಾರರಲ್ಲಿ ಮೂರು ಪಂಗಡ. ಸ್ಟುಡಿಯೋದಲ್ಲಿ ಮೇಜಿನ ಹಿಂದೆ ಕೂತವರು ಪೀಠಪಂಡಿತರು. ಚರ್ಚೆ ಮುಗಿದ ಮರುಗಳಿಗೆಯೇ ಪಕ್ಕದ ಸ್ಪಿನ್ ರೂಮಿಗೆ ನುಗ್ಗಿ, ತಲೆಯ ಮೇಲೆ ತಮ್ಮ ಹೆಸರಿನ ಫಲಕ ಎತ್ತಿಸಿಕೊಂಡು, ‘ನಮ್ಮವರೇ ಗೆದ್ದರು’ ಎಂದು ಪತ್ರಕರ್ತರಿಗೆ ವಿವರಿಸುವವರು ಪಕ್ಷಪಂಡಿತರು. ಅಭ್ಯರ್ಥಿಯ ಹುಬ್ಬು, ತುಟಿ, ಮೊಣಕೈಗಳ ಚಲನೆಯಿಂದ ದೇಶದ ಭವಿಷ್ಯ ಹೇಳುವವರು ಅಂಗಪಂಡಿತರು. ಮೂವರೂ ಐದು ಅಧಿಕರಣಗಳನ್ನು ಪ್ರಮಾಣವೆಂದು ಒಪ್ಪುತ್ತಾರೆ: ಸ್ವೇದ, ನಿಶ್ವಾಸ, ಉನ್ನತಿ, ಘಟಿಕಾ ಮತ್ತು ಮಕ್ಷಿಕಾ. ಒಂದೊಂದಾಗಿ ನೋಡೋಣ.

ಮೊದಲನೆಯದು ಸ್ವೇದಾಧಿಕರಣ. 1960ರ ಸೆಪ್ಟೆಂಬರ್ 26ರ ರಾತ್ರಿ ಷಿಕಾಗೋದ ಸ್ಟುಡಿಯೋ ಒಂದರಲ್ಲಿ ಜಾನ್ ಕೆನಡಿ ಮತ್ತು ರಿಚರ್ಡ್ ನಿಕ್ಸನ್ ಎದುರುಬದುರಾದರು. ನಿಕ್ಸನ್‌ಗೆ ಮೊಣಕಾಲಿನ ಸೋಂಕಾಗಿ ಆಸ್ಪತ್ರೆ ಸೇರಿ ಎದ್ದುಬಂದು ಹೆಚ್ಚು ದಿನವಾಗಿರಲಿಲ್ಲ. ಮೈ ಇಳಿದು ಅಂಗಿಯ ಕಾಲರ್ ಸಡಿಲವಾಗಿತ್ತು. ಸರಿಯಾದ ಮೇಕಪ್ ಬೇಡವೆಂದವರು ಗಡ್ಡದ ಕಪ್ಪು ಮರೆಸಲು ‘ಲೇಜಿ ಶೇವ್’ ಎಂಬ ಪುಡಿಯನ್ನಷ್ಟೇ ಬಳಿದುಕೊಂಡರು. ದೀಪಗಳ ಕಾವಿಗೆ ಗದ್ದದ ಮೇಲೆ ಬೆವರೊಡೆಯಿತು. ಬೂದು ಸೂಟು ಹಿಂದಿನ ಬೂದು ಗೋಡೆಯಲ್ಲಿ ಕರಗಿಹೋಯಿತು. ಸುಮಾರು 7 ಕೋಟಿ ಜನ ನೋಡಿದರು. ಅಲ್ಲಿಂದಾಚೆಗೆ ಸ್ವೇದಬಿಂದುವು ಅಧಿಕಾರ ಸಂಕಥನದ ಅಂಚಿನಲ್ಲಿ ನಿಂತು ನಾಯಕತ್ವದ ನಿರ್ಮಿತಿಯನ್ನು ಒಳಗಿನಿಂದಲೇ ನಿರಚನೆಗೊಳಿಸುವ ಜಲರೂಪಿ ಚಿಹ್ನಕವಾಯಿತು. (ಈ ವಾಕ್ಯಕ್ಕೆ ಅರ್ಥವಿಲ್ಲವೆಂದು ಹೇಳುವವರು ಅದನ್ನು ಇನ್ನೂ ಅನುಸಂಧಾನ ಮಾಡಿಲ್ಲ.)

ಈ ಅಧಿಕರಣದ ಕಿರೀಟಪ್ರಾಯ ಸಿದ್ಧಾಂತ ಎಲ್ಲರಿಗೂ ಗೊತ್ತಿರುವುದೇ: ರೇಡಿಯೋದಲ್ಲಿ ಕೇಳಿದವರು ನಿಕ್ಸನ್ ಗೆದ್ದರೆಂದರು, ಟೀವಿಯಲ್ಲಿ ನೋಡಿದವರು ಕೆನಡಿ ಗೆದ್ದರೆಂದರು. ಅಮೆರಿಕದಲ್ಲಿ ಚುನಾವಣೆ ಬಂತೆಂದರೆ ಯಾವುದಾದರೂ ಪೀಠಪಂಡಿತರ ಬಾಯಲ್ಲಿ ಈ ಶ್ಲೋಕ ಪಠಣವಾಗದೆ ಇರುವುದಿಲ್ಲ. ಇದಕ್ಕಿರುವ ಆಧಾರ ಬಹುಮಟ್ಟಿಗೆ ಒಂದೇ ಒಂದು ಸಮೀಕ್ಷೆ. ಅದರಲ್ಲಿದ್ದ ರೇಡಿಯೋ ಕೇಳುಗರು 300 ಮಂದಿಯೂ ಅಲ್ಲ. 1987ರಲ್ಲಿ ಇಬ್ಬರು ಸಂವಹನ ಸಂಶೋಧಕರು ಈ ನಂಬಿಕೆಯ ಬುಡ ಅಲುಗಾಡಿಸಿ ಲೇಖನ ಬರೆದರು. ಶಾಸ್ತ್ರಕ್ಕೆ ಅದರಿಂದ ಯಾವ ಬಾಧೆಯೂ ಆಗಲಿಲ್ಲ. ಆ ರಾತ್ರಿ ಅಭ್ಯರ್ಥಿಗಳಿಬ್ಬರೂ ವೃದ್ಧರ ಆಸ್ಪತ್ರೆ ಖರ್ಚು, ಶಾಲಾ ಶಿಕ್ಷಕರ ಸಂಬಳ, ಮಾರಾಟವಾಗದೆ ರಾಶಿಬಿದ್ದ ರೈತರ ಬೆಳೆಯ ಬಗ್ಗೆ ಮಾತಾಡಿದ್ದರೆಂಬ ಐತಿಹ್ಯವೂ ಉಂಟು. ಅದು ಪಾಮರರ ಕ್ಷೇತ್ರ.

ಎರಡನೆಯದು ನಿಶ್ವಾಸಾಧಿಕರಣ. 2000ದ ಅಕ್ಟೋಬರ್ 3ರಂದು ಬಾಸ್ಟನ್‌ನಲ್ಲಿ ಜಾರ್ಜ್ ಬುಷ್ ಮಾತಾಡುತ್ತಿದ್ದಾಗ ಅಲ್ ಗೋರ್ ಮೈಕಿಗೆ ಕೇಳುವಂತೆ ನಿಟ್ಟುಸಿರುಬಿಟ್ಟರು. ಒಂದಲ್ಲ, ಹಲವು. ‘ಸ್ಯಾಟರ್ಡೇ ನೈಟ್ ಲೈವ್’ ಎಂಬ ಹಾಸ್ಯ ಕಾರ್ಯಕ್ರಮ ಅದನ್ನು ಅಣಕಿಸಿತು. ಗೋರ್ ಅವರ ಸಹಾಯಕರು ಆ ಅಣಕನ್ನು ಅಭ್ಯರ್ಥಿಗೇ ತೋರಿಸಿ ಪಾಠ ಹೇಳಿದರು. ಎರಡನೇ ಚರ್ಚೆಯಲ್ಲಿ ಗೋರ್ ಎಷ್ಟು ಸಾಧುವಾದರೆಂದರೆ, ಮನುಷ್ಯನಿಗೆ ಜೀವವೇ ಇಲ್ಲವೆಂದು ತೀರ್ಪಾಯಿತು. ಮೂರನೆಯದರಲ್ಲಿ ಎದ್ದು ಬುಷ್ ಪಕ್ಕಕ್ಕೇ ನಡೆದುಹೋಗಿ ನಿಂತರು. ಬುಷ್ ತಿರುಗಿ ನೋಡಿ ತಲೆಯಾಡಿಸಿದರು, ಸಭೆ ನಕ್ಕಿತು, ಅಲ್ಲಿಗೆ ಮುಗಿಯಿತು. ಯೋಗಶಾಸ್ತ್ರದ ಪರಿಭಾಷೆಯಲ್ಲಿ ಮೊದಲನೆಯದು ರೇಚಕ, ಎರಡನೆಯದು ಕುಂಭಕ, ಮೂರನೆಯದು ಅತಿಕ್ರಮ ಪ್ರವೇಶ. ಬುಷ್ ಹೇಳುತ್ತಿದ್ದ ತೆರಿಗೆ ಕಡಿತದ ಲೆಕ್ಕ ಕೂಡುತ್ತಿತ್ತೇ, ವೃದ್ಧಾಪ್ಯ ಪಿಂಚಣಿಯ ದುಡ್ಡನ್ನು ಮುಟ್ಟದಂತೆ ಇಡುವುದು ಹೇಗೆ ಎಂಬುದು ನಿಟ್ಟುಸಿರಿನ ಕಾರಣವಾಗಿತ್ತು. ಶಾಸ್ತ್ರವು ಕಾರ್ಯವನ್ನು ಪರಿಶೀಲಿಸುತ್ತದೆ, ಕಾರಣವನ್ನಲ್ಲ. ಫ್ಲಾರಿಡಾದಲ್ಲಿ 537 ಮತಗಳಿಂದ ಸೋತ ಗೋರ್, ಅಧ್ಯಕ್ಷ ಪದವಿಯನ್ನೇ ಕಳೆದುಕೊಂಡರು.

ಮೂರನೆಯದು ಉನ್ನತ್ಯಧಿಕರಣ, ಅಂದರೆ ಎತ್ತರದ ವಿಚಾರ. 1988ರಲ್ಲಿ ಎತ್ತರದ ಜಾರ್ಜ್ ಬುಷ್ (ಅಪ್ಪ) ಎದುರು ಕುಳ್ಳಗೆ ಕಾಣಬಾರದೆಂದು ಮೈಕೆಲ್ ಡುಕಾಕಿಸ್ ಅವರಿಗೆ ಪೀಠದ ಹಿಂದೆ ಒಂದು ದಿಬ್ಬ ಕಟ್ಟಿಸಿಕೊಟ್ಟಿದ್ದರು. ದಿಬ್ಬದ ತಾತ್ವಿಕತೆ ಕುರಿತು ಇಲ್ಲಿ ಎರಡು ಪುಟ ಬರೆಯಬೇಕಿತ್ತು. ಆದರೆ ಅದೇ ವರ್ಷ ಅಕ್ಟೋಬರ್ 13ರಂದು ಲಾಸ್ ಏಂಜಲಿಸ್‌ನಲ್ಲಿ ನಡೆದದ್ದು ನೆನಪಾದರೆ ದಿಬ್ಬದ ತಮಾಷೆ ನಾಲಿಗೆಗೆ ಬರುವುದಿಲ್ಲ. ಚರ್ಚೆ ನಡೆಸಿಕೊಡುತ್ತಿದ್ದ ಬರ್ನಾರ್ಡ್ ಶಾ ಕೇಳಿದ ಮೊದಲ ಪ್ರಶ್ನೆಯೇ ಇದು: ನಿಮ್ಮ ಹೆಂಡತಿಯ ಮೇಲೆ ಅತ್ಯಾಚಾರವಾಗಿ ಕೊಲೆಯಾದರೆ ಕೊಲೆಗಾರನಿಗೆ ಮರಣದಂಡನೆ ಆಗಲಿ ಅನ್ನುತ್ತೀರಾ? ಹೆಸರು ಹಿಡಿದೇ ಕೇಳಿದರು. ಡುಕಾಕಿಸ್, ಇಲ್ಲ, ನಾನು ಜೀವಮಾನವಿಡೀ ಮರಣದಂಡನೆಯನ್ನು ವಿರೋಧಿಸಿದವನು ಎಂದು ಶಾಂತವಾಗಿ ಉತ್ತರಿಸಿ, ಅಪರಾಧ ತಡೆಯುವ ಬೇರೆ ದಾರಿಗಳನ್ನು ಹೇಳಿದರು. ಪಂಡಿತರು ಒಮ್ಮತದಿಂದ ಫೇಲು ಮಾಡಿದರು. ತಣ್ಣಗಿನ ಮನುಷ್ಯ, ಎದೆಯೇ ಇಲ್ಲ. ಒಬ್ಬ ಗಂಡ ತನ್ನ ಹೆಂಡತಿಯ ಹೆಣವನ್ನು ಮನಸ್ಸಿನಲ್ಲಿ ಕಲ್ಪಿಸಿಕೊಂಡು, ಕೋಟಿಗಟ್ಟಲೆ ಜನರೆದುರು, ತಕ್ಕ ಪ್ರಮಾಣದಲ್ಲಿ, ತಕ್ಕ ಸೆಕೆಂಡಿಗೆ ಉಕ್ಕಲಿಲ್ಲವೆಂಬುದು ಅವನ ಅನರ್ಹತೆ. ನಂಬಿದ್ದನ್ನು ಬದಲಿಸದೆ ಹೇಳಿದ್ದಕ್ಕೆ ಅಂಕವಿರಲಿಲ್ಲ. ಅಂಥ ಪ್ರಶ್ನೆ ಕೇಳಬಹುದೇ ಎಂಬುದಕ್ಕಿಂತ ಅದಕ್ಕೆ ಬೆವರಬೇಕಿತ್ತೇ ಬೇಡವೇ ಎಂಬುದರ ಮೇಲೆ ಹೆಚ್ಚು ಶಾಯಿ ಖರ್ಚಾಯಿತು.

ಉಳಿದೆರಡು ಅಧಿಕರಣಗಳನ್ನು ಕ್ರಮವಾಗಿ ಬರೆಯುವ ಉತ್ಸಾಹ ಪ್ರಬಂಧಕಾರರಿಗೆ ಉಳಿದಿಲ್ಲ. ನೊಣದ ಕತೆ ಇಷ್ಟೇ: 2020ರ ಅಕ್ಟೋಬರ್ 7ರಂದು ಸಾಲ್ಟ್ ಲೇಕ್ ಸಿಟಿಯಲ್ಲಿ ಉಪಾಧ್ಯಕ್ಷ ಮೈಕ್ ಪೆನ್ಸ್ ಅವರ ಬಿಳಿ ತಲೆಗೂದಲ ಮೇಲೆ ನೊಣವೊಂದು ಸುಮಾರು ಎರಡು ನಿಮಿಷ ಕೂತಿತ್ತು, ರಾತ್ರಿ ಕಳೆಯುವುದರೊಳಗೆ ಬೈಡನ್ ಪ್ರಚಾರ ತಂಡ ನೊಣ ಹೊಡೆಯುವ ಬ್ಯಾಟು ಮಾರಾಟಕ್ಕಿಟ್ಟಿತು, ಎಲ್ಲ ಖಾಲಿಯಾಯಿತು. ಕೋವಿಡ್‌ಗೆ ಆ ಹೊತ್ತಿಗೆ ಎರಡು ಲಕ್ಷಕ್ಕೂ ಹೆಚ್ಚು ಅಮೆರಿಕನ್ನರು ಸತ್ತಿದ್ದರು, ಪೆನ್ಸ್ ಅವರೇ ಕೋವಿಡ್ ಕಾರ್ಯಪಡೆಯ ಮುಖ್ಯಸ್ಥರಾಗಿದ್ದರು.

ಅದಕ್ಕಿಂತ ಮುಖ್ಯವಾದದ್ದು ಪ್ರಮಾಣ ವಿಚಾರ: ಯಾರು ಗೆದ್ದರೆಂಬುದು ತಿಳಿಯುವುದು ಹೇಗೆ? 1976ರ ಸೆಪ್ಟೆಂಬರ್ 23ರಂದು ಫಿಲಡೆಲ್ಫಿಯಾದ ನಾಟಕಮಂದಿರವೊಂದರಲ್ಲಿ ಜೆರಾಲ್ಡ್ ಫೋರ್ಡ್ ಮತ್ತು ಜಿಮ್ಮಿ ಕಾರ್ಟರ್ ಚರ್ಚಿಸುತ್ತಿದ್ದಾಗ ಧ್ವನಿ ಸಂಪರ್ಕ ಕೈಕೊಟ್ಟಿತು. ದೇಶದ ಹಾಲಿ ಅಧ್ಯಕ್ಷರೂ ಭಾವೀ ಅಧ್ಯಕ್ಷರೂ 27 ನಿಮಿಷ ತಂತಮ್ಮ ಪೀಠದ ಹಿಂದೆ ನಿಂತೇ ಇದ್ದರು. ಕೂರಲಿಲ್ಲ, ಪರಸ್ಪರ ಮಾತಾಡಲಿಲ್ಲ, ಕ್ಯಾಮೆರಾ ನಡೆಯುತ್ತಿತ್ತು. ಅಂಗಪಂಡಿತರ ಮಾನದಂಡದಲ್ಲಿ ಇದು ಇತಿಹಾಸದ ಏಕೈಕ ಪರಿಶುದ್ಧ ಚರ್ಚೆ: ಮಾತಿನ ಕಲ್ಮಶ ಲವಲೇಶವೂ ಇಲ್ಲ.

ಎರಡು ವಾರದ ನಂತರ, ಅಕ್ಟೋಬರ್ 6ರಂದು, ಅದೇ ಇಬ್ಬರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮತ್ತೆ ಸೇರಿದರು. ಪೂರ್ವ ಯುರೋಪಿನ ಮೇಲೆ ಸೋವಿಯೆತ್ ಯಜಮಾನಿಕೆ ಇಲ್ಲವೆಂದು ಫೋರ್ಡ್ ಹೇಳಿಬಿಟ್ಟರು. ಅದು ಶುದ್ಧ ತಪ್ಪು, ಸಂಶಯವಿಲ್ಲ. ಪೋಲೆಂಡಿನವರಿಗೆ ಕೇಳಿದ್ದರೆ ಸಾಕಿತ್ತು. ಕುತೂಹಲದ ಸಂಗತಿ ಬೇರೆ. ಅದೇ ರಾತ್ರಿ ಫೋನ್ ಮಾಡಿ ಕೇಳಿದಾಗ ಫೋರ್ಡ್ ಅವರೇ ಮೇಲು ಎಂದವರು ಹೆಚ್ಚಿದ್ದರು. ಮರುದಿನ ಪತ್ರಿಕೆ, ಟೀವಿಗಳಲ್ಲಿ ಆ ತಪ್ಪು ಮತ್ತೆಮತ್ತೆ ಬಂದಮೇಲೆ ಕೇಳಿದರೆ ಕಾರ್ಟರ್ ಭಾರಿ ಅಂತರದಲ್ಲಿ ಗೆದ್ದಿದ್ದರು. ಚರ್ಚೆ ಬದಲಾಗಿರಲಿಲ್ಲ. ಆ ಸಲ ಪತ್ರಕರ್ತರ ಕಡೆಗೇ ನ್ಯಾಯವಿತ್ತು, ಅವರು ತಪ್ಪನ್ನು ತಪ್ಪು ಎಂದರು. ಆದರೆ ಅವರು ಕಲಿತ ಪಾಠ ‘ತಪ್ಪು ತೋರಿಸಬೇಕು’ ಎಂಬುದಾಗಿರಲಿಲ್ಲ. ‘ತೀರ್ಪು ನಮ್ಮ ಕೈಲಿದೆ’ ಎಂಬುದಾಗಿತ್ತು. 1980ರಲ್ಲಿ ರೇಗನ್–ಕಾರ್ಟರ್ ಚರ್ಚೆ ಮುಗಿದೊಡನೆ ಎಬಿಸಿ ವಾಹಿನಿ ಒಂದು ಫೋನ್ ನಂಬರು ಕೊಟ್ಟು, ಕರೆಗೆ 50 ಸೆಂಟ್ ವಸೂಲಿ ಮಾಡಿ, ಗೆದ್ದವರು ಯಾರೆಂದು ಕೇಳಿತು. ದುಡ್ಡು ಕೊಟ್ಟು ಅಭಿಪ್ರಾಯ ಹೇಳಿದವರಲ್ಲಿ ರೇಗನ್‌ಗೆ ಎರಡರಷ್ಟು ಬಂತು. 2008ರ ಹೊತ್ತಿಗೆ ಸಿಎನ್‌ಎನ್ ಪರದೆಯ ಕೆಳಗೆ ಗೆರೆಗಳು ಹರಿದಾಡತೊಡಗಿದವು: ಒಹಾಯೋದ ಒಂದು ಕೋಣೆಯಲ್ಲಿ ಕೂಡಿಸಿದ ಕೆಲವರು ಕೈಯಲ್ಲಿನ ಗುಂಡಿ ತಿರುಗಿಸಿದಂತೆ ಗಂಡಸರದೊಂದು, ಹೆಂಗಸರದೊಂದು ಗೆರೆ ಏರುತ್ತದೆ, ಇಳಿಯುತ್ತದೆ. ಮನೆಯಲ್ಲಿ ಕೂತವರು ಅಭ್ಯರ್ಥಿಯ ಮಾತು ಬಿಟ್ಟು ಗೆರೆ ನೋಡತೊಡಗಿದರು. ವಾಕ್ಯ ಮುಗಿಯುವ ಮುಂಚೆಯೇ ಅದಕ್ಕೆ ಅಂಕ ಬಿದ್ದಿರುತ್ತದೆ.

ಕರಾವಳಿಯ ತಾಳಮದ್ದಳೆಯಲ್ಲೂ ಜನ ವಾದಕ್ಕೆ ತೀರ್ಪು ಕೊಡುತ್ತಾರೆ. ವಾಲಿ ಸಾಯುವುದು ಪ್ರಸಂಗದಲ್ಲೇ ಬರೆದಿದೆ. ಆದರೂ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ರಾಮನನ್ನು ಕೇಳಿದ ಪ್ರಶ್ನೆಗಳನ್ನು ಕೇಳುಗರು ಮನೆಗೆ ಹೋಗುತ್ತ ಚರ್ಚಿಸುತ್ತಿದ್ದರು. ಅವರು ತೂಗುತ್ತಿದ್ದದ್ದು ಯಾವ ಪ್ರಶ್ನೆಗೆ ಉತ್ತರ ಸಿಕ್ಕಿತು, ಯಾವುದಕ್ಕೆ ಸಿಗಲಿಲ್ಲ ಎಂಬುದನ್ನು.

ಇಷ್ಟೆಲ್ಲ ಅಳತೆಗೋಲುಗಳ ಫಲಿತಾಂಶವನ್ನಾದರೂ ನೋಡಬೇಕಲ್ಲ. 2004ರಲ್ಲಿ ಗ್ಯಾಲಪ್ ಸಮೀಕ್ಷೆಗಳ ಪ್ರಕಾರ ಜಾನ್ ಕೆರಿ ಮೂರೂ ಚರ್ಚೆ ಗೆದ್ದರು, ಚುನಾವಣೆ ಸೋತರು. 2012ರ ಡೆನ್ವರ್ ಚರ್ಚೆಯಲ್ಲಿ ಮಿಟ್ ರಾಮ್ನಿ ಮೇಲು ಎಂದವರು ಶೇಕಡಾ 72, ಒಬಾಮ ಎಂದವರು 20, ಅಧ್ಯಕ್ಷರಾದದ್ದು ಒಬಾಮ. 2016ರಲ್ಲಿ ಸಿಎನ್‌ಎನ್ ಸಮೀಕ್ಷೆಗಳಲ್ಲಿ ಹಿಲರಿ ಕ್ಲಿಂಟನ್ ಮೂರಕ್ಕೆ ಮೂರು. 2024ರ ಸೆಪ್ಟೆಂಬರ್‌ನಲ್ಲಿ ಕಮಲಾ ಹ್ಯಾರಿಸ್ 63, ಡೊನಾಲ್ಡ್ ಟ್ರಂಪ್ 37. ಮುಂದಿನದು ಗೊತ್ತೇ ಇದೆ. ಮಳೆ ಇಲಾಖೆ ಇಷ್ಟು ತಪ್ಪಿದ್ದರೆ ವಿಧಾನಸಭೆಯಲ್ಲಿ ಪ್ರಶ್ನೆ ಏಳುತ್ತಿತ್ತು.

ಪೂರ್ವಪಕ್ಷದವರು ಇಲ್ಲಿ ಎದ್ದು ನಿಲ್ಲುತ್ತಾರೆ: 2024ರ ಜೂನ್ 27, ಅಟ್ಲಾಂಟಾ? ಜೋ ಬೈಡನ್ ಗಂಟಲು ಕಟ್ಟಿ, ವಾಕ್ಯದ ನಡುವೆ ದಾರಿ ತಪ್ಪಿ, ಏನನ್ನೋ ಹೇಳಲು ಹೋಗಿ ಮೆಡಿಕೇರನ್ನು (ವೃದ್ಧರ ಸರ್ಕಾರಿ ಆರೋಗ್ಯ ವಿಮೆಯನ್ನು) ಸೋಲಿಸಿದೆವು ಎಂದರು; ಜುಲೈ 21ಕ್ಕೆ ಕಣದಿಂದ ಹಿಂದೆ ಸರಿದರು. ಒಪ್ಪಬೇಕಾದ ಮಾತು. ಕಣ್ಣಿಗೆ ಕಂಡದ್ದು ಅಲ್ಲಿ ನಿಜವಾಗಿಯೂ ವಿಷಯವೇ ಆಗಿತ್ತು. ಆ ವಯಸ್ಸಿನವರು ಇನ್ನೂ ನಾಲ್ಕು ವರ್ಷ ಆ ಕೆಲಸ ಮಾಡಬಲ್ಲರೇ ಎಂಬುದೇ ಪ್ರಶ್ನೆಯಾಗಿತ್ತು. ಆದರೆ ಅದನ್ನು ಕಾಣಲು ಭಾಷ್ಯಕಾರರು ಬೇಕಿರಲಿಲ್ಲ. ಅವರು ಬೇಕಿದ್ದದ್ದು ಪಕ್ಕದ ಪೀಠದಲ್ಲಿದ್ದ ಟ್ರಂಪ್ ಹೇಳಿದ್ದರಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಎಂದು ತಿಳಿಸಲು. ಅಂದಿನ ನಿರೂಪಕರು ಸ್ಥಳದಲ್ಲೇ ತಿದ್ದುವುದಿಲ್ಲವೆಂದು ಮೊದಲೇ ನಿರ್ಧರಿಸಿಯಾಗಿತ್ತು.

ಮುಂದಿನ ಚರ್ಚೆ ಸೆಪ್ಟೆಂಬರ್ 10, ಫಿಲಡೆಲ್ಫಿಯಾ; ಬೈಡನ್ ಜಾಗದಲ್ಲಿ ಈಗ ಹ್ಯಾರಿಸ್. ಬೆಂಗಳೂರಿನಲ್ಲಿ 11ರ ಬೆಳಿಗ್ಗೆ ಆರೂವರೆ, ಕಾಫಿ ಹೊತ್ತು. ಒಹಾಯೋದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಹೈಟಿಯಿಂದ ವಲಸೆ ಬಂದವರು ಊರವರ ನಾಯಿ, ಬೆಕ್ಕುಗಳನ್ನು ತಿನ್ನುತ್ತಿದ್ದಾರೆ ಎಂದು ಟ್ರಂಪ್ ಹೇಳಿದರು. ಅದಕ್ಕೆ ನಂಬಲರ್ಹವಾದ ಯಾವ ವರದಿಯೂ ಇಲ್ಲವೆಂದು ನಗರಾಡಳಿತ ತಿಳಿಸಿರುವುದಾಗಿ ನಿರೂಪಕರು ಅಲ್ಲೇ ಹೇಳಿದರು. ಪಂಡಿತರು ಕೆಲಸಕ್ಕಿಳಿದರು: ಹ್ಯಾರಿಸ್ ಎಸೆದ ಗಾಳಕ್ಕೆ ಟ್ರಂಪ್ ಬಿದ್ದರು, ಆಕೆಯ ಹಸ್ತಲಾಘವಕ್ಕೆ ಇಷ್ಟು, ಗಲ್ಲಕ್ಕೆ ಕೈಯಿಟ್ಟು ನೋಡಿದ ಭಂಗಿಗೆ ಇಷ್ಟು. ನಾಯಿ-ಬೆಕ್ಕಿನ ಮಾತಿಗೆ ಹಾಡು ಕಟ್ಟಿ ಹಂಚಿದವರೂ ಇದ್ದರು. ಎರಡೇ ದಿನದಲ್ಲಿ ಬಾಂಬ್ ಬೆದರಿಕೆ ಬಂದು ಸ್ಪ್ರಿಂಗ್‌ಫೀಲ್ಡ್‌ನ ನಗರಸಭೆ ಕಟ್ಟಡವನ್ನು ತೆರವು ಮಾಡಿಸಬೇಕಾಯಿತು. ಶಾಲೆಗಳಿಗೂ ಬಂತು. ರಾಜ್ಯಪಾಲರೇ 30ಕ್ಕೂ ಹೆಚ್ಚು ಬೆದರಿಕೆಗಳ ಲೆಕ್ಕ ಕೊಟ್ಟರು; ಎಲ್ಲವೂ ಹುಸಿ, ಆದರೆ ಶಾಲೆಗಳಿಗೆ ಪೊಲೀಸ್ ಕಾವಲು ಹಾಕಬೇಕಾಯಿತು. ಬ್ಯಾಗು ಹೊತ್ತ ಮಕ್ಕಳು ಪೊಲೀಸರ ನಡುವೆ ಒಳಹೋಗುತ್ತಿದ್ದ ಆ ವಾರದಲ್ಲೂ ‘ಯಾರು ಗೆದ್ದರು’ ಎಂಬ ಕಾರ್ಯಕ್ರಮ ನಿಂತಿರಲಿಲ್ಲ. ಒಂದು ಊರಿನ ಮೇಲೆ ಸುಳ್ಳು ಹೊರಿಸಿದ್ದನ್ನು ತಂತ್ರದ ದೌರ್ಬಲ್ಯವೆಂದು ಅಂಕ ಕಳೆಯುವ ಶಾಸ್ತ್ರಕ್ಕೆ ಯಾವ ಪರಿಭಾಷೆಯಲ್ಲಿ ಉತ್ತರ ಕೊಡಬೇಕು?

ಘಟಿಕಾಧಿಕರಣ ಬಾಕಿ ಉಳಿಯಿತು. 1992ರ ಅಕ್ಟೋಬರ್ 15, ರಿಚ್‌ಮಂಡ್. ಅಂದು ಪ್ರಶ್ನೆ ಕೇಳಿದವರು ಪತ್ರಕರ್ತರಲ್ಲ, ಸಭೆಯಲ್ಲಿ ಕೂತಿದ್ದ ಮತದಾರರು. ಒಬ್ಬ ಹೆಣ್ಣುಮಗಳು ಎದ್ದು, ದೇಶದ ಸಾಲದಿಂದ ನಿಮ್ಮ ಸ್ವಂತ ಬದುಕಿಗೆ ಏನು ತೊಂದರೆಯಾಗಿದೆ, ಏನೂ ಆಗಿಲ್ಲವಾದರೆ ಜನರ ಕಷ್ಟಕ್ಕೆ ಮದ್ದು ಹೇಗೆ ಹುಡುಕುತ್ತೀರಿ ಎಂದು ಕೇಳಿದಳು. ಆಕೆ ಕೇಳುತ್ತಿದ್ದಾಗಲೇ ಹಿರಿಯ ಬುಷ್ ಕೈಗಡಿಯಾರ ನೋಡಿಕೊಂಡರು. ಇನ್ನು ಹತ್ತೇ ನಿಮಿಷ ಎಂದುಕೊಂಡಿದ್ದಿರಬಹುದೆಂದು ವರ್ಷಗಳ ನಂತರ ಅವರೇ ಒಪ್ಪಿಕೊಂಡರು. ಬಿಲ್ ಕ್ಲಿಂಟನ್ ಆಕೆಯ ಹತ್ತಿರ ನಡೆದುಬಂದು ಮಾತಾಡಿದರು. ಗಡಿಯಾರ ನೋಡಿದ ಆ ಕ್ಷಣವನ್ನು, ಕ್ಲಿಂಟನ್ ಇಟ್ಟ ಆ ಹೆಜ್ಜೆಗಳನ್ನು ಮೂವತ್ತು ವರ್ಷದಿಂದ ಟೀವಿಯಲ್ಲಿ ಮತ್ತೆಮತ್ತೆ ತೋರಿಸಲಾಗುತ್ತಿದೆ. ಆಕೆ ಕೇಳಿದ ಆ ಸಾಲ ಅಂದು ಸುಮಾರು 4 ಲಕ್ಷ ಕೋಟಿ ಡಾಲರ್ ಇತ್ತು. 2024ರ ನವೆಂಬರ್‌ನಲ್ಲಿ 36 ಲಕ್ಷ ಕೋಟಿ ದಾಟಿತು.