ಮೇಷ್ಟ್ರ ಶೇಕಡಾ ಲೆಕ್ಕ

2021ರ ಮೇ ತಿಂಗಳು. ಕೋವಿಡ್ ಎರಡನೇ ಅಲೆಯಲ್ಲಿ ಜನ ಆಕ್ಸಿಜನ್‌ಗಾಗಿ ಪರದಾಡುತ್ತಿದ್ದಾಗ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಒಂದು ಪರಿಕಲ್ಪನಾ ಟಿಪ್ಪಣಿ ಹೊರಡಿಸಿತು: ಪಾಠದಲ್ಲಿ ಶೇ. 40ರವರೆಗೆ ಆನ್‌ಲೈನ್, ಉಳಿದದ್ದು ತರಗತಿಯಲ್ಲಿ. ಕೂಡಿದರೆ ಸರಿಯಾಗಿ ನೂರು. ಆದರೆ ಇದು ವಿದ್ಯಾರ್ಥಿಯ ಲೆಕ್ಕ. ಮೇಷ್ಟ್ರಿಗೆ ತರಗತಿಯಲ್ಲೊಂದು ನೂರು, ಆನ್‌ಲೈನಿನಲ್ಲಿ ಇನ್ನೊಂದು ನೂರು. ಸಂಬಳ ಮಾತ್ರ ಹಳೇ ನೂರರದ್ದೇ.

ಅದರಲ್ಲೂ ಜಾಣತನ ತೋರಿದ ಆಡಳಿತ ಮಂಡಳಿಗಳು ಎರಡನ್ನೂ ಒಂದೇ ಪೀರಿಯಡ್ಡಿಗೆ ತುರುಕಿ 'ಹೈಬ್ರಿಡ್' ಎಂದವು. ಎದುರಿಗೆ ಬೆಂಚುಗಳು, ಮೇಜಿನ ಮೇಲೆ ಲ್ಯಾಪ್‌ಟಾಪು, ಅದರ ತುಂಬ ಕಪ್ಪು ಚೌಕಗಳು. ಮೇಡಂ ಬೋರ್ಡಿನತ್ತ ತಿರುಗಿದರೆ ಚೌಕವೊಂದು ಮಾತಾಡುತ್ತದೆ: "ಮಿಸ್, ವಾಯ್ಸ್ ಕಟ್ ಆಗ್ತಿದೆ." ಲ್ಯಾಪ್‌ಟಾಪಿನತ್ತ ಬಗ್ಗಿದರೆ ಕೊನೇ ಬೆಂಚಿಗೆ ಹಬ್ಬ. ಪಾಠ ಮುಗಿದು ಎಲ್ಲರೂ ಹೋದ ಮೇಲೂ ತೆರೆಯಲ್ಲಿ ಒಂದು ಹೆಸರು ಉಳಿದಿರುತ್ತದೆ. ಕರೆದರೆ ಉತ್ತರವಿಲ್ಲ. ಹಾಜರಾತಿ ಶೇ. 75 ಆಗಬೇಕಲ್ಲ, ಪಾಪ!

ಆಮೇಲೆ ಹಾಜರಿ ರಿಜಿಸ್ಟರಿಗೊಮ್ಮೆ, ಪೋರ್ಟಲಿಗೊಮ್ಮೆ. ಪಾಠದ ರೆಕಾರ್ಡಿಂಗ್ ಹಾಕಬೇಕು, ಸ್ವಂತ ಡೇಟಾದಲ್ಲಿ. ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್‌ನ ಫೈಲಿಗೆ ಜಿಯೋಟ್ಯಾಗ್ ಫೋಟೋ ಬೇಕು. ರಾತ್ರಿ ಹನ್ನೊಂದಕ್ಕೆ ವಾಟ್ಸಾಪಿನಲ್ಲಿ "ಮ್ಯಾಮ್, ನೋಟ್ಸ್ ಪಿಡಿಎಫ್ ಹಾಕಿ." ಕೇಳಿದವನು ಬೆಳಿಗ್ಗೆ ಎದುರಿಗೇ ಕೂತಿದ್ದವನು.

ಸರ್ಕಾರಿ ಶಾಲೆಯವರಿಗೆ ಇದರ ರುಚಿ ಶಾಲೆಗಳು ಮುಚ್ಚಿದ್ದ 2020ರಲ್ಲಿ, ಮಕ್ಕಳಿದ್ದಲ್ಲಿಗೇ ಹೋಗಿ ಪಾಠ ಮಾಡುವ ವಿದ್ಯಾಗಮ ಯೋಜನೆಯಲ್ಲೇ ಸಿಕ್ಕಿತ್ತು. ಇಂಟರ್ನೆಟ್ ಇರುವ ಮಕ್ಕಳದೊಂದು ಗುಂಪು, ಬರೀ ಫೋನ್ ಇರುವವರದೊಂದು, ಏನೂ ಇಲ್ಲದವರದೊಂದು. ಮೂರಕ್ಕೂ ಅದೇ ಮೇಷ್ಟ್ರು. ಗುಡಿಯ ಜಗಲಿ, ಮರದ ನೆರಳುಗಳೇ ತರಗತಿ. ಸೋಂಕು ಗುಂಪು ಕೇಳಲಿಲ್ಲ. ಶಿಕ್ಷಕರಿಗೂ ಮಕ್ಕಳಿಗೂ ತಗುಲಿ ಅಕ್ಟೋಬರಿನಲ್ಲಿ ಯೋಜನೆ ನಿಂತಿತು.

ಈಗ ಶಿಕ್ಷಕರ ಕ್ಷೇಮದ ಬಗ್ಗೆ ಎಲ್ಲರಿಗೂ ಕಾಳಜಿ ಉಕ್ಕಿದೆ. 'ವೃತ್ತಿ ತೃಪ್ತಿ' ಸಮೀಕ್ಷೆಯ ಗೂಗಲ್ ಫಾರ್ಮು ಬರುತ್ತದೆ. ಎಲ್ಲ ಪ್ರಶ್ನೆಗೂ ಕೆಂಪು ನಕ್ಷತ್ರ, ಅಂದರೆ ಉತ್ತರ ಕಡ್ಡಾಯ. ಹೆಸರೂ ಕಡ್ಡಾಯ. ಹೀಗಾಗಿ ಇಡೀ ವಿಭಾಗವೇ 'ಅತ್ಯಂತ ತೃಪ್ತ'. ತುಂಬಿ ಕಳಿಸಲು ಕೊನೆಯ ದಿನ ಭಾನುವಾರ.

ಪ್ರಾಂಶುಪಾಲರೇ, ಧ್ಯಾನ ಶಿಬಿರ ಏರ್ಪಡಿಸಬೇಡಿ. ಅದನ್ನೂ ಹೈಬ್ರಿಡ್ ಮಾಡುತ್ತೀರಿ. ಯುಜಿಸಿಯ 2018ರ ನಿಯಮದಲ್ಲಿ ಸಹಾಯಕ ಪ್ರಾಧ್ಯಾಪಕರ ಬೋಧನೆ ವಾರಕ್ಕೆ 16 ಗಂಟೆ. ಗೋಡೆಯೊಳಗಿನವರಿಗೂ ಹೊರಗಿನವರಿಗೂ ಕೂಗಿ ಪಾಠ ಮಾಡಿದ ಒಂದು ಗಂಟೆಯನ್ನು ಕಾರ್ಯಭಾರದ ಪಟ್ಟಿಯಲ್ಲಿ ಎರಡು ಎಂದು ಬರೆಯಿರಿ. ಅತಿಥಿ ಉಪನ್ಯಾಸಕರಿಗಂತೂ ಗೌರವಧನ ನಿಂತಿರುವುದೇ ಆ ಪಟ್ಟಿಯ ಮೇಲೆ.